ಮಾಳಪ್ಪನ ಬಲಗೈ

ಮಾಳಪ್ಪ ಬಲಗೈ ಎತ್ತಿದ. ಹರಿಗೋಲು ಹೇಳಿದ್ದಕ್ಕೆ ಸರಿಯಾಗಿ ಉಲ್ಟಾ ಹೊರಳಿತು.

"ಬೇಕಂತನ ಮಾಡಾಕ ಹತ್ಯಾನ," ಎಂದ ಹಲ್ಲು ಕಚ್ಚಿ.

ಮಲಪ್ರಭೆ ಕೆಂಪಗೆ ಉಕ್ಕಿ ಹರಿಯುತ್ತಿತ್ತು. ಮನೋಳಿಯ ದಂಡೆಯ ಎತ್ತರದ ಬಂಡೆಯ ಮೇಲೆ ಮಾಳಪ್ಪ ನಿಂತಿದ್ದ, ದೂರಕ್ಕೆ ಕಾಣಲೆಂದು ಎರಡೂ ಮುಂಗೈಗೆ ಬಿಳಿ ಬಟ್ಟೆ ಕಟ್ಟಿಕೊಂಡು. ಕೆಳಗೆ ಅಳಿಯ ಬಾಳುವಿನ ಹರಿಗೋಲು. ನೀರಿನ ಮಟ್ಟದಲ್ಲಿ ಕುಳಿತವನಿಗೆ ಮುಂದಿನ ಸುಳಿ ಕಾಣುವುದಿಲ್ಲ. ಬಂಡೆಯ ಮೇಲಿನವನಿಗೆ ಕಾಣುತ್ತದೆ. ಅದಕ್ಕೇ ಈ ಕಡವಿನ ರೂಢಿ: ದಂಡೆಯವನು ಬಲಗೈ ಎತ್ತಿದರೆ, ಅವನಿಗೆ ಮುಖ ಮಾಡಿ ಬರುವ ಅಂಬಿಗ ತನ್ನ ಬಲಕ್ಕೆ ಹೊಡೆಯಬೇಕು, ಎಡಗೈ ಎತ್ತಿದರೆ ತನ್ನ ಎಡಕ್ಕೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವ ಜನವೂ ಮಳೆಗಾಲದಲ್ಲಿ ಮಾಳಪ್ಪನ ಕೈಯನ್ನೇ ನೋಡುತ್ತಿತ್ತು. ಸವದತ್ತಿಯ ಮಾಮಲೇದಾರರು ಕೂಡ.

ಕಾರಹುಣ್ಣಿಮೆಗೆ ಉಣ್ಣಲು ಬಂದ ಬಾಳು ಮಾತ್ರ ತಾಟು ಸರಿಸಿ ಎದ್ದಿದ್ದ. "ಮಾವಾರ, ನೀರಾಗ ಇರಾಂವ ನಾನು. ಮುಳಗಿದರ ನಾ ಮುಳಗಬೇಕು. ದಂಡಿ ಮ್ಯಾಲ ನಿಂತು ನೀವು ಹುಕುಂ ಮಾಡೂದು ಇನ್ನ ನಡ್ಯಾಂಗಿಲ್ಲ."

ಆ ಹಠ ತೀರಿಸಿಕೊಳ್ಳಲು ಇವತ್ತೇ ಬೇಕಿತ್ತೆ? ನಾಳೆ ಪಂಚಮಿ. ನೀರು ಇಳಿದರೆ ಮಗಳನ್ನು ಕರೆತಾ ಎಂದು ಮಾಳಪ್ಪನೇ ಹೇಳಿಕಳಿಸಿದ್ದ. ನೀರು ಇಳಿದಿರಲಿಲ್ಲ. ಹರಿಗೋಲಿನ ತಳದಲ್ಲಿ ಕೌದಿ ಹೊದ್ದ ಜೀವವೊಂದು ಮುದುಡಿ ಬಿದ್ದಿತ್ತು. ರಾಯವ್ವನಿಗೆ ಚಿಕ್ಕಂದಿನಿಂದಲೂ ನೀರೆಂದರೆ ಅಂಜಿಕೆ. ಹರಿಗೋಲು ಹತ್ತು ಎಂದರೆ ಅಳುತ್ತಿದ್ದಳು. ಇದೇ ಬಂಡೆಯ ಮೇಲೆ ಅಪ್ಪನ ಬೆನ್ನಿಗೆ ನಿಂತು ಅವನಂತೆಯೇ ಕೈ ಎತ್ತಿ ಇಳಿಸಿ ಆಡಿ ಬೆಳೆದವಳು.

"ಬಾಳೂ! ಬಲಕ್ಕ ಹೊಡಿಯೋ!"

ಮೊರೆತದಲ್ಲಿ ಕೂಗು ಎಲ್ಲಿ ಹೋಯಿತೋ. ಮಳೆಗೆ ತಲೆ ಮುಚ್ಚಿ ಹೊದ್ದ ಕಂಬಳಿ ಕೊಪ್ಪೆ ಹುಟ್ಟು ಹಾಕುತ್ತಲೇ ಇತ್ತು. ಅದರ ಮೋರೆ ಸದಾ ಬಂಡೆಯತ್ತಲೇ ಇತ್ತು. ಹರಿಗೋಲು ಕಲ್ಲಿಗೆ ಬಡಿದು ಗರಗರ ತಿರುಗಿತು.

ಬುಡಸಮೇತ ಕಿತ್ತ ಜಾಲಿಮರವೊಂದು ತೇಲಿ ಬರುತ್ತಿತ್ತು. ಮಾಳಪ್ಪ ಎಡಗೈ ಎತ್ತಿದ. ಹರಿಗೋಲು ಬಲಕ್ಕೆ ಹೊರಳಿ ಮರಕ್ಕೇ ಎದುರಾಯಿತು. ಕೊಂಬೆ ಅಂಚನ್ನು ಕೆರೆದು ಹೋಯಿತು, ನೀರು ಒಳನುಗ್ಗಿತು.

"ನಿಮ್ಮಿಬ್ಬರ ಹಠಕ್ಕ ನನ್ನ ಮಗಳು ಹೊಳಿಪಾಲ ಆಗತಾಳ್ರಿ!" ಹೆಂಡತಿ ಕೆಂಚವ್ವ ಎದೆ ಬಡಿದುಕೊಂಡಳು. "ಏನರ ಮಾಡ್ರಿ!"

ಮುಂದೆ ಮಡುವಿನ ಸುಳಿ. ಅಲ್ಲಿ ಸಿಕ್ಕ ಎಮ್ಮೆಯ ಹೆಣವೂ ಮೇಲೆ ಬಂದಿರಲಿಲ್ಲ. ಉಳಿಯಬೇಕಾದರೆ ಹರಿಗೋಲು ಬಲಕ್ಕೆ ಹೋಗಬೇಕು. ಬಲಗೈ ಎತ್ತಬೇಕು.

ಕೈ ಅರ್ಧಕ್ಕೇ ನಿಂತಿತು. ಎತ್ತಿದರೆ ಈ ಹಠಮಾರಿ ಎಡಕ್ಕೇ, ಮಡುವಿಗೇ ಹೊಡೆಯುತ್ತಾನೆ. ಎಡಗೈ ಎತ್ತಿದರೆ? ಇದೊಂದು ಸಲ ಅಳಿಯನಿಗೆ ಬುದ್ಧಿ ಬಂದು ಹೇಳಿದಂತೆ ಕೇಳಿಬಿಟ್ಟರೆ, ಮಗಳನ್ನು ಕೊಂದವನು ಅಪ್ಪನೇ. ಜೀವಮಾನದಲ್ಲಿ ಆ ಕೈ ಸುಳ್ಳು ಸನ್ನೆ ಮಾಡಿರಲಿಲ್ಲ. ಇಂಥ ಸಂಕಟ ವೈರಿಗೂ ಬೇಡ.

ಮಾಳಪ್ಪ ಕಣ್ಣು ಮುಚ್ಚಿ ಎಡಗೈ ಎತ್ತಿದ.

ಕೆಂಚವ್ವನ ಚೀರಾಟ ನಿಂತಿತು. ಕಣ್ಣು ತೆರೆದರೆ, ಹರಿಗೋಲು ಬಲಕ್ಕೆ ಹೊರಳಿ ಮಡುವಿನ ಅಂಚು ದಾಟಿತ್ತು.

ಅದು ದಡಕ್ಕೆ ಬಡಿಯುತ್ತಲೇ ಮಾಳಪ್ಪ ಮೊಣಕಾಲುದ್ದ ನೀರಿಗೆ ಹಾರಿ ಕೊಪ್ಪೆಯನ್ನು ಹಿಡಿದೆಳೆದ. "ಹೆಂಡ್ತಿನ್ನ ಕುಂದ್ರಿಸಿಕೊಂಡು ನನ್ನ ಕೂಡ ಹಠಾ ಮಾಡ್ತಿ? ನನ್ನ ಕೈ ಮೀರತಿ?"

ಕೊಪ್ಪೆ ಕಳಚಿತು. ಒಳಗಿದ್ದವಳು ರಾಯವ್ವ. ಕೌದಿಯ ಕೆಳಗೆ ಬಾಳು ನರಳುತ್ತಿದ್ದ. ಹಾವು ಕಡಿದ ಅವನ ಕಾಲಿಗೆ ಅವಳ ಸೆರಗಿನ ಹರಕು ಬಿಗಿದಿತ್ತು.

"ನಿನ್ನ ಕೈ ಒಂದ್ಸಲಾನೂ ಮೀರಿಲ್ಲ, ಯಪ್ಪಾ," ಎಂದಳು ರಾಯವ್ವ ಏದುಸಿರು ಬಿಡುತ್ತ. "ನೀ ಬಲಗೈ ಎತ್ತಿದರ ಹರಗೋಲ ಎಡಕ್ಕ ಹೋಗೂದು, ಎಡಗೈ ಎತ್ತಿದರ ಬಲಕ್ಕ. ಸಣ್ಣಾಕಿದ್ದಾಗಿಂದ ನಿನ್ನ ಬೆನ್ನ ಹಿಂದ ನಿಂತು ನೋಡಿಲ್ಲೇನ ನಾ?"