ಶಾವಂತ್ರೆವ್ವನ ವಾಕರಿಕೆ

ಹಾಸ್ಟೆಲಿನ ಅಡುಗೆಯನ್ನು ಮೊದಲು ಒಬ್ಬ ಹೆಂಗಸು ಮೂಸಬೇಕು, ಅವಳಿಗೆ ವಾಂತಿ ಬಂದರೆ ಪಾತ್ರೆಯನ್ನೇ ಚೆಲ್ಲಬೇಕು ಎಂಬುದು ಈಗ ಊರೂರಿನ ಕಾನೂನು. ಇಲ್ಲಿ ಆ ಕೆಲಸ ಶಾವಂತ್ರೆವ್ವನದು. ಬಸುರಿಯರ ಮೈಯಲ್ಲಿ ಉಕ್ಕುವ ರಸದ ಮಾತ್ರೆಯನ್ನು ಕಂತ್ರಾಟುದಾರ ಗೂಳಪ್ಪನೇ ದಿನಸಿಯ ಜೊತೆ ತಂದು ನುಂಗಿಸುತ್ತಾನೆ. ಅದು ಒಳಗೆ ಹೋದರೆ ಹಳಸಿದ್ದರ ವಾಸನೆಗೆ ಹತ್ತು ಮಾರು ದೂರದಲ್ಲೇ ಹೊಟ್ಟೆ ತೊಳಸುತ್ತದೆ. ಆದರೂ ಹೋದ ತಿಂಗಳು ಅವಳು ಒಪ್ಪಿದ ಸಾರು ಉಂಡು ಹನ್ನೊಂದು ಹುಡುಗಿಯರು ಹಾಸಿಗೆ ಹಿಡಿದಿದ್ದರು. ಇನ್ನೊಮ್ಮೆ ತಪ್ಪಿದರೆ ಕೆಲಸ ಹೋಗುತ್ತದೆ.

ಇಂದು ಸಾಂಬಾರಿನ ಮುಚ್ಚಳ ತೆಗೆದದ್ದೇ ತಡ, ಕೊಳೆತ ಬದನೆಕಾಯಿಯ ಲೋಳೆ ನಾತ, ಸತ್ತ ಇಲಿಯಂಥ ನಾತ ಮೂಗಿಗೆ ನುಗ್ಗಿ, ಅವಳು ಗೋಡೆ ಹಿಡಿದು ಕಾರಿಕೊಂಡಳು.

“ಚೆಲ್ರಿ ಅದನ್ನ!” ಎಂದರು ವಾರ್ಡನ್ ಮೆಹರುನ್ನಿಸಾ.

“ನಾಟಕ ಮಾಡ್ತಾಳ್ರೀ ಮೇಡಂ!” ಗೂಳಪ್ಪ ಕಿರುಚಿದ. “ಎರಡ ತಿಂಗಳಾತು, ಇಕಿಗೆ ನಾ ಕೊಡೂದು ಬರೇ ಸುಣ್ಣದ ಗುಳಿಗಿ. ವಾಂತಿ ಹೆಂಗ ಬರ್ತೈತಿ?”

ತಾನೇನು ಅಂದೆನೆಂದು ಅವನಿಗೆ ಹೊಳೆಯುವಷ್ಟರಲ್ಲಿ ವಾರ್ಡನ್ ಫೋನ್ ತೆಗೆದಿದ್ದರು.

ಶಾವಂತ್ರೆವ್ವ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾ ಬೆರಳು ಮಡಚಿ ಎಣಿಸಿದಳು. ಮುಟ್ಟಾಗಿ ಐವತ್ತು ದಿನ ದಾಟಿತ್ತು.

“ಅಯ್ಯ ಶಿವನ! ಮಗಳ ಬಾಣಂತನಕ್ಕ ಹೊಂಟಾಕಿ ನಾನು,” ಎಂದವಳೇ ಗೂಳಪ್ಪನ ಮುಖ ನೋಡಿ ಮತ್ತೊಮ್ಮೆ ಕಾರಿಕೊಂಡಳು.