ಅಳಿಯ ತಂದ ನಳಿಕೆ

ಕಾಂತಾ ಮೊಮ್ಮಗಳ ಮೂಗಿಗೆ ಬಾಯಿ ಹಚ್ಚುವುದಕ್ಕೂ, ಅಳಿಯ ಶಶಿಧರ ಗುಂಜಿ ಎಂಬ ಹಳ್ಳಿಯ ಅವಳ ಮನೆಯ ಹೊಸ್ತಿಲು ದಾಟುವುದಕ್ಕೂ ಸರಿಹೋಯಿತು. ಬೆಳಗಾವಿಯಿಂದ ರೈಲಿನಲ್ಲಿ ಬಂದವನು ಚಪ್ಪಲಿಯನ್ನೂ ಬಿಡದೆ ಓಡಿ ಅಡ್ಡ ನಿಂತ.

“ಬ್ಯಾಡ್ರಿ ಅತ್ತಿ. ದೊಡ್ಡವರ ಬಾಯಾಗಿನ ಕ್ರಿಮಿ ಕೂಸಿಗೆ ಹತ್ತತಾವ.”

“ನಿಮ್ಮ ಹೆಂಡ್ತಿ ಮೂಗನ್ನೂ ನಾ ಹಿಂಗ ಹೀರಿ ತಗದೇನಿ,” ಎಂದಳು ಕಾಂತಾ. “ಅಕಿಗೇನಾಗೈತ್ರಿ?”

ಎರಡು ತಿಂಗಳ ಸಮೃದ್ಧಿಗೆ ನಿನ್ನೆಯಿಂದ ನೆಗಡಿ. ಖಾನಾಪುರದ ಡಾಕ್ಟರು ನೋಡಿ, ಜ್ವರವಿಲ್ಲ, ಎದೆ ಸ್ವಚ್ಛವಿದೆ, ಔಷಧ ಬೇಡ ಎಂದಿದ್ದರು. ಇಷ್ಟು ಸಣ್ಣ ಕೂಸು ಹೆಚ್ಚೂಕಡಿಮೆ ಮೂಗಿನಲ್ಲೇ ಉಸಿರಾಡುವುದು; ಹಾಲೂಡುವ ಮುಂಚೆ ಉಪ್ಪುನೀರಿನ ಹನಿ ಬಿಟ್ಟು ಮೂಗು ತೆರವು ಮಾಡಿ; ಉಸಿರು ಜೋರಾದರೆ, ಜ್ವರ ಬಂದರೆ ಅಥವಾ ಮೂಗು ತೆರವಾದ ಮೇಲೂ ಹಾಲು ಕುಡಿಯದಿದ್ದರೆ ತಕ್ಷಣ ಕರೆತನ್ನಿ ಎಂದೂ ಹೇಳಿದ್ದರು. ಹನಿ ಬಿಟ್ಟಾಗಿತ್ತು. ಮೂಗು ತೆರವು ಮಾಡುವುದು ಹೇಗೆಂಬುದೇ ಈಗಿನ ತಕರಾರು. ಬಾಣಂತನಕ್ಕೆ ತವರಿಗೆ ಬಂದಿದ್ದ ಮೇಘಾ ಎದೆಗೆ ಹಚ್ಚಿದರೆ ಕೂಸು ಎರಡು ಗುಟುಕಿಗೇ ಬಿಟ್ಟು ಚೀರುತ್ತಿತ್ತು. ಅದರ ಜೊತೆ ಮೇಘಾಳೂ ಅಳುತ್ತಿದ್ದಳು.

ಶಶಿಧರ ಬೆಳಗಾವಿಯ ಹಿಂದವಾಡಿಯ ಔಷಧದಂಗಡಿಯಿಂದ ತಂದ ಪೆಟ್ಟಿಗೆಯನ್ನು ಜಂಬದಿಂದ ತೆರೆದ. ಕೂಸಿನ ಮೂಗಿನ ಸಿಂಬಳ ಎಳೆಯುವ ಯಂತ್ರ, ಅದೂ ವಿದೇಶದ್ದು. ಒಳಗಿನಿಂದ ಬಂದದ್ದು ಒಂದು ಸಣ್ಣ ನಳಿಕೆ, ಅದಕ್ಕೊಂದು ಉದ್ದನೆಯ ರಬ್ಬರ್ ಕೊಳವೆ. ಮೋಟಾರಿಲ್ಲ, ಬಟನ್ನಿಲ್ಲ. ಪೆಟ್ಟಿಗೆ ಬೋರಲು ಹಾಕಿ ಕೊಡವಿದ. ಸ್ಪಂಜಿನದೊಂದು ತುಂಡು ಉದುರಿ ಎತ್ತಲೋ ಹೋಯಿತು, ಅಷ್ಟೆ. ಕೊನೆಗೆ ಮೇಲಿನ ಚಿತ್ರ ನೋಡಿದ. ನಳಿಕೆ ಕೂಸಿನ ಮೂಗಿಗೆ, ಕೊಳವೆಯ ತುದಿ ಅಪ್ಪನ ಬಾಯಿಗೆ.

ಹೆಂಡತಿ ಕುಡಿದಿಟ್ಟ ಲೋಟ ಮುಟ್ಟದ ಮನುಷ್ಯ ಅವನು. ಅತ್ತೆಯ ಮನೆಗೂ ತನ್ನದೇ ನೀರಿನ ಬಾಟಲಿ ಹೊತ್ತು ಬರುವವರ ಪೈಕಿ. ಮೇಘಾಳಿಗೆ ಅಳುವಿನ ನಡುವೆಯೇ ನಗು ಉಕ್ಕಿತು. ಕಾಂತಾ ಮೊಮ್ಮಗಳ ತಲೆ ಹಿಡಿದು ಕೂತು, ನಿಮ್ಮ ಯಂತ್ರ ನೀವೇ ನಡೆಸಿರಿ ಎಂದಳು.

ಕೂಸು ಮತ್ತೆ ಚೀರಿತು. ಶಶಿಧರ ನಳಿಕೆಯನ್ನು ಅದರ ಮೂಗಿಗೆ ಹಿಡಿದ. ಕಣ್ಣು ಮುಚ್ಚಿ, ಕೊಳವೆ ಕಚ್ಚಿ, ಹೀರಿದ. ಪೆಟ್ಟಿಗೆ ಕೊಡವಿದಾಗ ಉದುರಿದ ಆ ಸ್ಪಂಜಿನ ತುಂಡನ್ನು ತಡೆಗಾಗಿ ಕೊಳವೆಯ ನಡುವೆ ಸಿಕ್ಕಿಸಬೇಕಿತ್ತೆಂದು ಅವನಿಗೆ ತಿಳಿದದ್ದು, ಹೀರಿದ್ದು ನಾಲಿಗೆಗೆ ಬಂದ ಮೇಲೆ. ಆದರೆ ಇನ್ನೊಂದು ಹೊಳ್ಳೆ ಬಾಕಿ ಇತ್ತು, ಸ್ಪಂಜು ಹುಡುಕುತ್ತ ಕೂರುವಷ್ಟು ತಾಳ್ಮೆ ಅವನಿಗಿರಲಿಲ್ಲ. ಅದನ್ನೂ ಮುಗಿಸಿಯೇ ಹಿತ್ತಲಿಗೆ ಓಡಿದ.

ಬಾಯಿ ಮುಕ್ಕಳಿಸಿ ಬಂದು ನೋಡಿದರೆ ಸಮೃದ್ಧಿ ಗುಟುಗುಟು ಹಾಲು ಕುಡಿಯುತ್ತಿತ್ತು. ಶಶಿಧರನಿಗೆ ಕುಣಿಯಬೇಕೆನಿಸಿತು. ಕೂಸು ಬೆಚ್ಚೀತೆಂದು ಮೂವರೂ ಬಾಯಿಗೆ ಕೈ ಅಡ್ಡ ಹಿಡಿದು, ಮೈಯೆಲ್ಲ ಕುಲುಕಿಸಿ, ಸದ್ದಿಲ್ಲದೆ ನಕ್ಕರು.

ನಗು ಇಳಿದ ಮೇಲೆ ಕಾಂತಾ, ಅಳಿಯ ಊಟಕ್ಕೆ ಕೂತಾಗ ವಿಚಾರಿಸುವ ಅದೇ ಮರ್ಯಾದೆಯ ದನಿಯಲ್ಲಿ ಕೇಳಿದಳು:

“ಸಂಕೋಚ ಮಾಡ್ಕೋಬ್ಯಾಡ್ರಿ. ಖರೇ ಹೇಳ್ರಿ, ಉಪ್ಪು ಬರೋಬ್ಬರಿ ಇತ್ತೇನ್ರಿ?”