ಬೆಂಚಿನ ಹಲಗೆ

ಕೊರಾಲಿ ಹೊಸ ಸ್ಕೀ ಹಲಗೆಗಳ ಜೋಡಿಯನ್ನು ತಂದು ರೆಜಾನನ ಹೋಟೆಲಿನ ಮೇಜಿನ ಮೇಲೆ ಧೊಪ್ಪನೆ ಇಟ್ಟಳು. ಸಾಸ್ ಬಾಟಲಿ ಉರುಳಿತು. ಯಾರೂ ಎತ್ತಲಿಲ್ಲ.

"ಗೆದ್ವಿ ರೆಜಾನ್ ಅವ್ರೇ! ಬೆಳಿಗ್ಗೆ ಹನ್ನೆರಡು ಹುಡುಗ್ರು ಬೆನ್ನು ಮುಂದೆ ಮಾಡ್ಕೊಂಡು ಗುಡ್ಡ ಇಳಿದ್ರು. ಒಬ್ನೂ ಮುಗ್ಗರಿಸ್ಲಿಲ್ಲ! ಮೆತ್ತನೆ ಹಿಮದಲ್ಲೂ ಹಲಗೆ ಹೂತ್ಕೊಳ್ಳಲ್ಲ, ತೇಲ್ಕೊಂಡು ಹೋಗುತ್ತೆ. ಎಲ್ಲಾ ನಿಮ್ಮ ಹಳೇ ಹಲಗೆ ಪುಣ್ಯ."

ಆ ಹಳೆಯ ಹಲಗೆಗಳು ಗೋಡೆಯ ಪಕ್ಕ ಬೆಂಚಾಗಿ ಬಾಳುತ್ತಿದ್ದವು. ಕಳೆದ ವಸಂತದಲ್ಲಿ ಸ್ಕೀ ಕಾರ್ಖಾನೆಯ ಈ ಹುಡುಗಿ ಬೆಂಚಿನ ಕೆಳಗೆ ಅಂಗಾತ ಮಲಗಿ, ಎರಡು ಗಂಟೆ ಹೊತ್ತು ಒಂದೊಂದು ಬಾಗನ್ನೂ ಅಳೆದು ಬರೆದುಕೊಂಡು ಹೋಗಿದ್ದಳು. ಅದರ ಫಲವೇ ಈ ಹೊಸ ಜೋಡಿ.

ಬೆಂಚಿನ ಮೇಲೆ ಗಾಸ್ಟೋನ್ ಕೂತಿದ್ದ. ರೆಜಾನನ ಹೆಂಡತಿಯ ಅಣ್ಣ, ಒಂದು ಕಾಲದ ಐಸ್ ಹಾಕಿ ಆಟಗಾರ, ಈಗ ನೂರಿಪ್ಪತ್ತು ಕಿಲೋದ ಆಸಾಮಿ. ಚೀಸ್, ಗ್ರೇವಿ ಸುರಿದ ಆಲೂಗಡ್ಡೆ ಫ್ರೈ ಮುಕ್ಕಲು ಇಪ್ಪತ್ತೈದು ಚಳಿಗಾಲದಿಂದ ಅವನಿಗೆ ಅದೇ ಜಾಗವೇ ಆಗಬೇಕು.

"ಬ್ಯಾಲೆ ಹಲಗೆಗೆ ಇಷ್ಟೊಂದು ಮರ್ಯಾದೆನಾ?" ಎಂದ ಗಾಸ್ಟೋನ್. "ನೋಡಮ್ಮಾ, ನಾವೆಲ್ಲ ಹಾಕಿ ಆಡಿ ಹಲ್ಲು ಮುರಿಸ್ಕೊಳ್ತಿದ್ರೆ, ನಮ್ಮ ತಂಗಿ ಗಂಡ ಮಿಣಿಮಿಣಿ ಬಟ್ಟೆ ಹಾಕ್ಕೊಂಡು, ಪದ ಹಚ್ಕೊಂಡು, ಸ್ಕೀ ಬ್ಯಾಲೆ ಕುಣಿತ ಅಂತ ಹಿಮದ ಮೇಲೆ ಗಿರಗಿರ ಸುತ್ತುತ್ತಿದ್ದ!"

ನಲವತ್ತೈದು ವರ್ಷದಿಂದ ಇದೇ ರಾಗ. ರೆಜಾನ್ ತನ್ನ ಮದುವೆಯ ಊಟದಲ್ಲೂ ಇದನ್ನು ಕೇಳಿದ್ದ, ಮಗಳ ಮದುವೆಯ ಊಟದಲ್ಲೂ ಕೇಳಿದ್ದ.

"ನಗ್ಬೇಡಿ," ಎಂದಳು ಕೊರಾಲಿ. "ಹಿಂದಕ್ಕೆ ಜಾರ್ಬೇಕಾದ್ರೆ ಹಿಂದಿನ ತುದಿನೂ ಮೇಲಕ್ಕೆ ಬಾಗಿರ್ಬೇಕು ಅಂತ ಇವ್ರಿಗೆ ಆವತ್ತೇ ಹೊಳೆದಿತ್ತು. ಅದಕ್ಕಿಂತ ಹೆಚ್ಚು ಅಂದ್ರೆ ನಡುವಿನ ತಗ್ಗು, ಹಲಗೆ ತೇಲೋದೇ ಅದ್ರಿಂದ. ಆಗ ಎಲ್ಲರ ಹಲಗೆನೂ ನಡುವೆ ಉಬ್ಬಿರ್ತಿತ್ತು. ತಗ್ಗಿಸೋ ಧೈರ್ಯ ಮಾಡಿದ್ದು ಇವ್ರೊಬ್ರೇ! ಹಲಗೆ ಮೇಲೆ 'ರೆಜಾನ್ ತಗ್ಗು' ಅಂತ ಅಚ್ಚು ಹಾಕಿಸ್ತಾರಂತೆ ನಮ್ಮ ಯಜಮಾನ್ರು. ಮಧ್ಯಾಹ್ನವೇ ಅಚ್ಚಿಗೆ ಹೋಗುತ್ತೆ. ನೀವು ಹೂಂ ಅಂದ್ರೆ ಸಾಕು."

ಗಾಸ್ಟೋನನ ಫೋರ್ಕು ಅರ್ಧ ದಾರಿಯಲ್ಲಿ ನಿಂತಿತು. ಆ ನೋಟ ಕಂಡು ರೆಜಾನನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಹಿಂದಿನ ತುದಿಯ ಮಾತು ನಿಜ. ಅದನ್ನು ಅವನೇ ಅಮ್ಮನ ಒಲೆಯ ಕಾವಿಗೆ ಹಿಡಿದು, ಬಾಗಿಲ ಸಂದಿಗೆ ಸಿಕ್ಕಿಸಿ ಬಗ್ಗಿಸಿದ್ದ. ಆದರೆ ನಡುವಿನ ತಗ್ಗು? ಮೊಳೆ ಹೊಡೆದು ಬೆಂಚು ಮಾಡಿದಾಗ ಅವನ ಹಲಗೆಯೂ ಎಲ್ಲರದರಂತೆ ಉಬ್ಬಿಯೇ ಇತ್ತು. ರೆಜಾನ್ ಬೆಂಚಿನ ಕಡೆ ನೋಡಿದ. ಹಲಗೆ ಎಲ್ಲಿ ತಗ್ಗಿತ್ತೋ ಸರಿಯಾಗಿ ಅಲ್ಲೇ ಗಾಸ್ಟೋನ್ ಇದ್ದ.

ಹೂಂ ಅಂದರೆ ಮುಗಿಯಿತು. ಗುಡ್ಡಗುಡ್ಡದ ಮೇಲೂ ತನ್ನ ಹೆಸರು, ಭಾವನ ಬಾಯಿಗೆ ಜನ್ಮವಿಡೀ ಬೀಗ. ಅವನ ಕತ್ತು ಅರ್ಧ ಬಾಗಿಯೂ ಆಗಿತ್ತು. ಆದರೆ ಹುಡುಗಿ ಪೆನ್ಸಿಲ್ ಹಿಡಿದು ಅಷ್ಟು ನಂಬಿಕೆಯಿಂದ ನೋಡುತ್ತಿರುವಾಗ ನಾಚಿಕೆಯಾಯಿತು.

"ತುದಿ ನಂದೇ ಅಮ್ಮಾ. ತಗ್ಗು ನಂದಲ್ಲ."

"ಮತ್ತೆ ಯಾರ್ದು?"

ರೆಜಾನ್ ಕೈಯಲ್ಲಿದ್ದ ಸೌಟಿನಿಂದಲೇ ಗಾಸ್ಟೋನನನ್ನು ತೋರಿಸಿದ. "ಇಪ್ಪತ್ತೈದು ವರ್ಷ ದಿನಾ ಮೂರು ಗಂಟೆ ಕೂತೂ ಕೂತೂ ತಗ್ಗಿಸಿದ ಮಹಾನುಭಾವ ಇವನೇ."

ಕೊರಾಲಿ ಬೆಂಚು ನೋಡಿದಳು, ಗಾಸ್ಟೋನನನ್ನು ನೋಡಿದಳು, ಮೇಜು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ತನ್ನ ಟಿಪ್ಪಣಿ ಪುಸ್ತಕದ ಹೊಸ ಹಾಳೆ ತೆರೆದಳು.

"ನ್ಯಾಯ ಅಂದ್ರೆ ನ್ಯಾಯ. ಇಬ್ರ ಹೆಸ್ರೂ ಹಾಕಿಸ್ತೀನಿ. ನಿಮ್ಮ ಪೂರ್ತಿ ಹೆಸ್ರು ಹೇಳಿ, ಗಾಸ್ಟೋನ್ ಅವ್ರೇ."

ಗಾಸ್ಟೋನನ ಮುಖ ಬಿಳಿಚಿಕೊಂಡಿತು. ತಟ್ಟೆ ಪಕ್ಕಕ್ಕೆ ತಳ್ಳಿ ದಡಬಡಿಸಿ ಎದ್ದು ನಿಂತ.

"ಬ್ಯಾಲೆ ಹಲಗೆ ಮೇಲೆ ನನ್ ಹೆಸ್ರಾ? ಬೇಡಮ್ಮಾ! ನಮ್ಮ ರೆಜಾನಂಗೆ ಮೊದ್ಲಿಂದ್ಲೂ ಸಂಕೋಚ ಜಾಸ್ತಿ. ತುದಿನೂ ಅವನ್ದೇ, ತಗ್ಗೂ ಅವನ್ದೇ. ಬೇಕಾದ್ರೆ ಬೈಬಲ್ ಮುಟ್ಟಿ ಹೇಳ್ತೀನಿ!"